ಅಕ್ಕೋರ ಹಳದಿ ಕಾರು ಮತ್ತೆ ಹಾಡಿದ್ದು

ಮಿಶ್ರಿಕೋಟಿಯಲ್ಲಿ ರಸ್ತೆಯ ಉಬ್ಬುಗಳನ್ನು ಓರೆಯಾಗಿ ದಾಟುವ ಕಾರು ಒಂದೇ. ಅದು ಅನ್ನಪೂರ್ಣಾ ಅಕ್ಕೋರದು. ನಿಂಬೆಹಣ್ಣಿನ ಬಣ್ಣದ, ಎರಡೇ ಸೀಟಿನ, ನೆಲಕ್ಕೆ ಎದೆ ಹಚ್ಚಿ ಓಡುವ ಸ್ಪೋರ್ಟ್ಸ್ ಕಾರು. ನೇರ ಹೋದರೆ ಹೊಟ್ಟೆ ಉಜ್ಜುತ್ತದೆ. ಆದ್ದರಿಂದ ಅಕ್ಕೋರು ಸ್ಟೇರಿಂಗ್ ತಿರುವಿ, ಒಂದೊಂದೇ ಗಾಲಿಯನ್ನು ಉಬ್ಬಿನ ಮೇಲೆ ಹತ್ತಿಸಿ, ಮೆಲ್ಲಗೆ ಇಳಿಸುತ್ತಾರೆ. ಹಿಂದೆ ಬರುವ ಬಸ್ಸಿನ ಡ್ರೈವರ್ ಹಾರ್ನ್ ಹೊಡೆಯದೆ ಕಾಯುತ್ತಾನೆ. ಅವನೂ ಅವರ ಶಿಳ್ಳೆಗೆ ಮೈದಾನ ಸುತ್ತಿ ಬೆಳೆದವನು.

ಊರಿನ ಪ್ರೌಢಶಾಲೆಯಲ್ಲಿ ಅಕ್ಕೋರು ಕೆಲಸ ಹಿಡಿದಾಗಿನಿಂದ ನಿವೃತ್ತಿಯವರೆಗೂ ಆಟದ ಶಿಕ್ಷಕಿ. ಎತ್ತರ ಕಡಿಮೆ, ದನಿ ದೊಡ್ಡದು. ಹೆಣ್ಣುಮಕ್ಕಳ ಖೋ ಖೋ ತಂಡ ಕಟ್ಟಿ ತಾಲೂಕು, ಜಿಲ್ಲೆ ಎಂದು ತಿರುಗಿದವರು. ಮನೆಯಲ್ಲಿ ಮದುವೆಯ ಮಾತು ಎದ್ದಾಗಲೆಲ್ಲ ಯಾವುದೋ ಪಂದ್ಯ ಎದುರಿಗಿರುತ್ತಿತ್ತು. ಪಂದ್ಯ ಮುಗಿಯುವಷ್ಟರಲ್ಲಿ ಗಂಡಿನ ಕಡೆಯವರು ಬೇರೆ ಊರಿಗೆ ಹೋಗಿರುತ್ತಿದ್ದರು. ಅದರ ಬಗ್ಗೆ ಅವರಿಗೆ ಬೇಸರವೇನೂ ಇರಲಿಲ್ಲ.

ನಿವೃತ್ತಿಯಾದ ಮೇಲೆ, ಓಡಾಡಲು ಒಂದು ಸಣ್ಣ ಹಳೆಯ ಕಾರು ಕೊಳ್ಳೋಣವೆಂದು ಹಳೆಯ ವಿದ್ಯಾರ್ಥಿ ಸಿದ್ದರಾಮನನ್ನು ಕರೆದುಕೊಂಡು ಹುಬ್ಬಳ್ಳಿಗೆ ಹೋದರು. ಮಾರುವವನ ಅಂಗಳದಲ್ಲಿ ಬಿಳಿ ಕಾರು, ಬೂದು ಕಾರುಗಳ ಸಾಲು. ಮೂಲೆಯಲ್ಲಿ ಇದೊಂದು ಹಳದಿ. ಮೇಲೆ ಎರಡು ಕೋಳಿ ಕೂತಿದ್ದವು.

"ಇದು ಓಡತೈತೇನು?" ಎಂದು ಅಕ್ಕೋರು ಕೇಳಿದರು.

"ಓಡತೈತ್ರಿ, ಆದ್ರ ನಿಮಗಲ್ಲರಿ ಅದು," ಎಂದ ಮಾರುವವ. "ಗೋವಾದಾಗ ಹೋಟೆಲ್ ಇಟ್ಟಾವರದು. ನಡಾ ಬಗ್ಗಿಸಿ ಒಳಗ ಕುಂಡ್ರೂದು ಆಗವಲ್ದು ಅಂತ ಬಿಟ್ಟುಹೋದ್ರು."

ಅಕ್ಕೋರು ಕೋಳಿಗಳನ್ನು ಓಡಿಸಿ, ಸೆರಗು ಸಿಕ್ಕಿಸಿ, ಒಳಗೆ ಇಳಿದು ಕೂತರು. ಕಾಲು ಚಾಚಿದರೆ ಸರಿಯಾಗಿ ಪೆಡಲ್ ಮುಟ್ಟಿತು. ಸಿದ್ದರಾಮ ಅವರ ಮುಖ ನೋಡಿ, ಮಾರುವವನ ಜೊತೆ ಬೆಲೆ ಮಾತಾಡಲು ಹೊರಟ. ಅಂಥ ಮುಖವನ್ನು ಅವನು ಫೈನಲ್ ಪಂದ್ಯ ಗೆದ್ದಾಗ ಮಾತ್ರ ಕಂಡಿದ್ದ.

ಎರಡನೆಯ ಸೀಟಿಗೆ ಬೇರೆ ಯಾರನ್ನೂ ಹುಡುಕಬೇಕಾಗಿರಲಿಲ್ಲ. ಬಾಜು ಮನೆಯ ಸಾವಂತ್ರೆವ್ವ ಅದೇ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದವಳು. ಅವಳೂ ಕೆಲಸ ಬಿಟ್ಟಿದ್ದಳು. ಮೈ ದೊಡ್ಡದು, ಮೊಣಕಾಲು ನೋವು ಬೇರೆ. ಕಾರಿನೊಳಗೆ ಕೂರುವುದೆಂದರೆ ಅವಳಿಗೆ ಸಲೀಸು, ಹಿಂದಕ್ಕೆ ಬಿದ್ದುಬಿಟ್ಟರೆ ಆಯಿತು. ಏಳುವುದೇ ಒಂದು ಕಾರ್ಯಕ್ರಮ. ಅಕ್ಕೋರು ಸುತ್ತಿ ಬಂದು ಎರಡೂ ಕೈ ಹಿಡಿದು ಜಗ್ಗಬೇಕು. ಹೀಗಾಗಿ ಒಮ್ಮೆ ಕೂತಳೆಂದರೆ ಮನೆ ಮುಟ್ಟುವವರೆಗೂ ಅವಳು ಇಳಿಯುತ್ತಿರಲಿಲ್ಲ. ಚಹಾ, ಮಿರ್ಚಿ ಭಜಿ ಎಲ್ಲ ಕಿಟಕಿಗೇ ಬರುತ್ತಿತ್ತು. ದಾರಿಯಲ್ಲಿ ಎಮ್ಮೆಗಳು ಎದುರಾದರೆ ಅವುಗಳ ಮೂತಿ ಸರಿಯಾಗಿ ಅವಳ ಮೂತಿಯ ಮಟ್ಟಕ್ಕೆ ಬರುತ್ತಿತ್ತು. ಅವಳು ಅವನ್ನೂ ಮಾತಾಡಿಸುತ್ತಿದ್ದಳು.

ಆ ಕಾರಿನ ಸ್ಟೀರಿಯೋದೊಳಗೆ ಹೋಟೆಲಿನವರು ಮರೆತುಬಿಟ್ಟಿದ್ದ ಒಂದು ಸಿ.ಡಿ. ಇತ್ತು. ಕೊಂಕಣಿ ಹಾಡುಗಳು. ಎಷ್ಟು ಗುಂಡಿ ಒತ್ತಿದರೂ ಅದು ಹೊರಗೆ ಬರುತ್ತಿರಲಿಲ್ಲ, ಬೇರೆಯದನ್ನು ಒಳಗೆ ಬಿಡುತ್ತಲೂ ಇರಲಿಲ್ಲ. ಇಬ್ಬರೂ ವರ್ಷಗಟ್ಟಲೆ ಅವೇ ಹಾಡುಗಳನ್ನು ಕೇಳಿದರು. ಅರ್ಥ ಅಲ್ಲೊಂದು ಇಲ್ಲೊಂದು ಮಾತ್ರ ಹತ್ತಿತು. ಸಾವಂತ್ರೆವ್ವನಿಗೆ ಅಷ್ಟೂ ಬಾಯಿಪಾಠವಾದವು. ಗೊತ್ತಿಲ್ಲದ ಶಬ್ದ ಬಂದ ಕಡೆ ಅವಳು ಸೊಪ್ಪಿನ ಹೆಸರು ಹಾಕಿ ಹಾಡುತ್ತಿದ್ದಳು. ಕಬ್ಬಿನ ಹೊಲದ ಬದಿ ಕಾರು ಹೋಗುವಾಗ ಗಂಡಸೊಬ್ಬ ಕೊಂಕಣಿಯಲ್ಲಿ ಪ್ರೇಮ ನಿವೇದಿಸುವುದೂ, ಹೆಂಗಸೊಬ್ಬಳು ಅವನಿಗೆ ಮೆಂತ್ಯ, ರಾಜಗಿರಿ ಎಂದು ಉತ್ತರ ಕೊಡುವುದೂ ಕೆಲಸ ಮಾಡುವವರಿಗೆ ಕೇಳುತ್ತಿತ್ತು.

ಈ ಮಳೆಗಾಲದಲ್ಲಿ ಕಾರು ಬಹಳ ದಿನ ತಾಡಪತ್ರಿಯ ಕೆಳಗೇ ಇತ್ತು. ಬ್ಯಾಟರಿ ಸತ್ತಿತು. ಹೊಸ ಬ್ಯಾಟರಿ ಹಾಕಿಸಿದ್ದೇ ತಡ, ಸ್ಟೀರಿಯೋ ಹಾಡುವುದನ್ನು ಬಿಟ್ಟು ಪರದೆಯ ಮೇಲೆ 'ಕೋಡ್' ಎಂದು ಕೇಳಿ, ಮುಂದೆ ನಾಲ್ಕು ಗೆರೆ ತೋರಿಸಿ ಕೂತಿತು. ಕದ್ದವರಿಗೆ ಉಪಯೋಗವಾಗಬಾರದೆಂದು ಕಂಪನಿಯವರು ಇಟ್ಟ ಬೀಗ ಅದು. ಅಕ್ಕೋರು ಗೋವಾದ ಹೋಟೆಲಿನವರಿಗೆ ಫೋನ್ ಮಾಡಿದರು. ಅವರಿಗೆ ಅಂಥದ್ದೊಂದಿದೆ ಎಂಬುದೇ ಗೊತ್ತಿರಲಿಲ್ಲ. ಶಾಲೆ ಕಟ್ಟಿದ ವರ್ಷ ಒತ್ತಿ ನೋಡಿದರು, ತಮ್ಮ ನಿವೃತ್ತಿಯ ವರ್ಷ ಒತ್ತಿ ನೋಡಿದರು. ಸಾವಂತ್ರೆವ್ವ ತನ್ನ ಮಗನ ಬೈಕಿನ ನಂಬರ್ ಹೇಳಿದಳು. ಅದಾದ ಮೇಲೆ ಪರದೆ ಪೂರ್ತಿ ಕಪ್ಪಾಯಿತು.

"ಅದಕ್ಕ ನಮ್ಮ ಗುರುತ ಹತ್ತವಲ್ದು," ಎಂದಳು ಸಾವಂತ್ರೆವ್ವ. "ಇಷ್ಟ ದಿನಾ ಕೂಡಿ ಹಾಡಿದ್ದು ಎಲ್ಲಾ ಮರತೈತಿ."

ಹಾಡು ನಿಂತ ಮೇಲೆ ಕಾರಿನ ಸಣ್ಣಪುಟ್ಟ ಸದ್ದುಗಳೆಲ್ಲ ಒಂದೊಂದಾಗಿ ಕೇಳತೊಡಗಿದವು. ಬಾಗಿಲು ಕಿರ್ ಎನ್ನುತ್ತಿತ್ತು, ಸೀಟಿನ ಕೆಳಗೆ ಏನೋ ಟಕಟಕ ಎನ್ನುತ್ತಿತ್ತು. ಇಬ್ಬರೂ ಕಿವಿಗೊಟ್ಟು ಕೂತು ಇದೇನು, ಅದೇನು ಎಂದು ಹೆದರಿ, ಅರ್ಧ ದಾರಿಯಿಂದಲೇ ತಿರುಗಿ ಬರುವಂತಾಯಿತು. ಇದು ಹೀಗೇ ನಡೆದರೆ ಕಾರಿನ ಮೇಲೆ ಮತ್ತೆ ಕೋಳಿ ಕೂರುತ್ತವೆ ಎಂದು ಅಕ್ಕೋರಿಗೆ ಅನ್ನಿಸಿತು. ಮರುದಿನವೇ ಕಲಘಟಗಿಗೆ ಹೊರಟರು.

ಕಲಘಟಗಿಯ ಬಸ್ ನಿಲ್ದಾಣದ ಹಿಂದೆ ಶಾಹಿದನ ಅಂಗಡಿ. ಟ್ರ್ಯಾಕ್ಟರಿಗೆ, ಟೆಂಪೋಗಳಿಗೆ ಹಾಡಿನ ಪೆಟ್ಟಿಗೆ ಕೂರಿಸುವುದು ಅವನ ಕಸುಬು. ಕಬ್ಬಿನ ಹಂಗಾಮಿನಲ್ಲಿ ಆ ರಸ್ತೆಗೆ ಕೇಳುವ ಹಾಡುಗಳಲ್ಲಿ ಅರ್ಧ ಅವನೇ ಕೂರಿಸಿದ ಪೆಟ್ಟಿಗೆಗಳವು. ಹಳದಿ ಕಾರು ಬಂದು ನಿಂತಾಗ ಅವನು ಕೈ ಒರೆಸಿಕೊಂಡು ಸುತ್ತಲೂ ಎರಡು ಸಲ ಬಂದ.

"ಅಕ್ಕೋರ, ಇಂಥಾ ಗಾಡಿ ನಾ ಕೈಲೆ ಮುಟ್ಟಿಲ್ರಿ. ಏನರ ಹೆಚ್ಚುಕಮ್ಮಿ ಆದ್ರ?"

"ಆದ್ರ ಆತು. ಈಗರ ಅದೇನ ಹಾಡಾಕತ್ತಿಲ್ಲಲ್ಲ."

ಈ ಮಾತು ಅವನಿಗೆ ಒಪ್ಪಿಗೆಯಾಯಿತು. ಅಕ್ಕೋರು ಅಂಗಡಿಯಲ್ಲಿದ್ದ ಹೊಸ ಸ್ಟೀರಿಯೋಗಳಲ್ಲಿ ದೊಡ್ಡ ಪರದೆಯದೊಂದನ್ನು ಆರಿಸಿದರು. ಶಾಹಿದ್ ಹಳೆಯದರ ಸುತ್ತಲಿನ ಪಟ್ಟಿಯನ್ನು ಪ್ಲಾಸ್ಟಿಕ್ ಚಮಚದಂಥ ಒಂದು ಸಾಮಾನಿನಿಂದ ಸಾವಕಾಶ ಎಬ್ಬಿಸಿದ. ಸ್ಕ್ರೂ ಬಿಚ್ಚಿ ಎಳೆದಾಗ ಸ್ಟೀರಿಯೋ ತನ್ನ ವೈರುಗಳ ಬಾಲದೊಂದಿಗೆ ಹೊರಗೆ ಬಂತು. ಅವನು ಅದರ ಮುಚ್ಚಳ ಬಿಚ್ಚಿ, ಮೊದಲು ಆ ಸಿ.ಡಿ.ಯನ್ನು ತೆಗೆದು ಸಾವಂತ್ರೆವ್ವನ ಕೈಗೆ ಕೊಟ್ಟ. ಅವಳು ಅದನ್ನು ಸೆರಗಿನಿಂದ ಒರೆಸಿ, ಹೊಸ ಸ್ಟೀರಿಯೋದ ಮುಂದೆ ಹಿಡಿದು ಜಾಗ ಹುಡುಕಿದಳು.

"ಇದಕ್ಕ ಬಾಯಿನ ಇಲ್ಲಲ್ಲೊ ಶಾಹಿದ್."

"ಈಗಿನವಕ್ಕ ಬಾಯಿ ಇರೂದಿಲ್ಲಬೇ. ಪೆನ್‌ಡ್ರೈವ್ ಹಚ್ಚೂದು, ಇಲ್ಲಾಂದ್ರ ಫೋನಿಲೆ ಹಾಡಸೂದು. ಬಾಜೂಕ ಫೋಟೋ ಸ್ಟುಡಿಯೋ ಐತಿ, ಇದರಾಗಿನ ಹಾಡು ಪೆನ್‌ಡ್ರೈವಿಗೆ ಹಾಕಿಸಿಕೊಡ್ತೀನಿ."

ವೈರುಗಳನ್ನು ಬಣ್ಣಕ್ಕೆ ಬಣ್ಣ ಹೊಂದಿಸಿ ಜೋಡಿಸುವುದಕ್ಕೇ ಬಹಳ ಹೊತ್ತಾಯಿತು. ಕೊನೆಗೆ ಪರದೆ ಬೆಳಗಿತು. ಹಾಡು ತುಂಬಿಸಿ ತಂದ ಪೆನ್‌ಡ್ರೈವ್ ಹಚ್ಚಿದಾಗ ಹಾಡಿನ ಹೆಸರು ಬಂತು, ನಿಮಿಷಗಳು ಓಡಿದವು. ಸದ್ದು ಮಾತ್ರ ಬರಲಿಲ್ಲ. ಶಾಹಿದ್ ವೈರುಗಳನ್ನು ಬಿಚ್ಚಿ ಮತ್ತೆ ಜೋಡಿಸಿದ. ಬಾಗಿಲಿನ ಸ್ಪೀಕರಿಗೆ ಕಿವಿ ಹಚ್ಚಿದ. ಸ್ಪೀಕರುಗಳು ಚೆನ್ನಾಗಿಯೇ ಇದ್ದವು.

"ಇದರಾಗ ಎಲ್ಲೋ ಒಂದು ಆಂಪ್ಲಿಫಾಯರ್ ಇರಬೇಕ್ರಿ," ಎಂದ. "ಸ್ಟೀರಿಯೋದ ಸದ್ದು ಮೊದಲ ಅದಕ್ಕ ಹೋಗಿ, ಅಲ್ಲಿಂದ ದೊಡ್ಡದಾಗಿ ಸ್ಪೀಕರಿಗೆ ಬರತೈತಿ. ಅದನ್ನ ಎಬ್ಬಸಬೇಕು. ಆದ್ರ ಎಲ್ಲಿ ಮಲಗೇತೋ."

ಡಿಕ್ಕಿ ನೋಡಿದ. ಡ್ಯಾಶ್‌ಬೋರ್ಡಿನ ಕೆಳಗೆ ಬೆನ್ನು ಹಚ್ಚಿ ಮಲಗಿ ನೋಡಿದ. ಅಕ್ಕೋರ ಸೀಟನ್ನು ಮುಂದೆ ಸರಿಸಿ ಹಿಂದೆ ನೋಡಿದ. ಎಲ್ಲೂ ಇಲ್ಲ. ಊಟದ ಹೊತ್ತು ಮೀರಿ ಹೋಯಿತು. ಸಾವಂತ್ರೆವ್ವ ಕಾರಿನ ಸೀಟಿನಲ್ಲಿ ಕೂತಲ್ಲಿಂದಲೇ ಅವನಿಗೆ ಧೈರ್ಯ ಹೇಳುತ್ತ, ಬುತ್ತಿಯ ರೊಟ್ಟಿ ಬಿಚ್ಚಿ ಒಂದನ್ನು ಅವನಿಗೂ ಕೊಟ್ಟಳು. ಅದನ್ನು ತಿನ್ನುತ್ತ ನಿಂತ ಶಾಹಿದ್ ಅವಳನ್ನೇ ನೋಡತೊಡಗಿದ. ಬೆಳಗಿನಿಂದ ಅವನು ನೋಡದೆ ಬಿಟ್ಟದ್ದು ಅವಳು ಕೂತ ಜಾಗವೊಂದನ್ನೇ.

"ಬೇ, ನೀ ಒಂದೀಟು ಇಳೀತೀಯೇನು?"

"ನಾ ಯಾಕ? ನಾ ಏನ ಮಾಡೀನಿ?"

ಅಕ್ಕೋರು ಒಂದು ಕೈ, ಶಾಹಿದ್ ಒಂದು ಕೈ ಹಿಡಿದು ಅವಳನ್ನು ಎಬ್ಬಿಸಿದರು. ಸೀಟು ಮುಂದೆ ಸರಿಯಿತು. ಅದರ ಬೆನ್ನಹಿಂದೆ, ಕಪ್ಪು ಬಟ್ಟೆಯ ಮುಚ್ಚಳದೊಳಗೆ, ಇಟ್ಟಿಗೆಯಷ್ಟು ದೊಡ್ಡ ಡಬ್ಬಿಯೊಂದು ಕೂತಿತ್ತು. ಹೊಸ ಸ್ಟೀರಿಯೋದಲ್ಲಿ ನೀಲಿ ಬಿಳಿ ಗೆರೆಯ ಒಂದು ತೆಳು ವೈರು ಇತ್ತು. ಟ್ರ್ಯಾಕ್ಟರುಗಳಲ್ಲಿ ಅದರ ಕೆಲಸವೇ ಇಲ್ಲದ್ದರಿಂದ ಶಾಹಿದ್ ರೂಢಿಯಂತೆ ಅದಕ್ಕೆ ಟೇಪು ಸುತ್ತಿ ಬಿಟ್ಟಿದ್ದ. ಡಬ್ಬಿಯನ್ನು ಎಬ್ಬಿಸುವ ವೈರು ಅದೇ. ಅದನ್ನು ಎಳೆದು ತಂದು ಜೋಡಿಸಿ ಗುಂಡಿ ಒತ್ತಿದ.

ಎರಡೂ ಬಾಗಿಲಿನಿಂದ ಕೊಂಕಣಿ ಗಂಡಸು ಒಮ್ಮೆಲೇ ಹಾಡಿಬಿಟ್ಟ. ಶಾಹಿದ್ ಬೆಳಗಿನಿಂದ ಸದ್ದಿನ ಗುಂಡಿಯನ್ನು ತುದಿಯವರೆಗೆ ತಿರುಗಿಸಿಯೇ ಇಟ್ಟಿದ್ದ. ಬಸ್ ನಿಲ್ದಾಣದ ಗೋಡೆಯ ಮೇಲಿನ ಕಾಗೆಗಳು ಎದ್ದುಹೋದವು. ಸಾವಂತ್ರೆವ್ವ ರಸ್ತೆಯ ನಡುವೆಯೇ ನಿಂತು, ಎಲ್ಲಿಯೂ ತಪ್ಪದೆ ಮೆಂತ್ಯ, ರಾಜಗಿರಿ ಎಂದು ಸೇರಿಸಿಕೊಂಡಳು. ಅಕ್ಕೋರು ಕಾರಿಗೆ ಒರಗಿ ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಇನ್ನೊಂದು ತೊಂದರೆ ಉಳಿದಿತ್ತು. ಹಳೆಯ ಸ್ಟೀರಿಯೋ ಮೇಲೆ ಕಮಾನಾಗಿ, ಕೆಳಗೆ ಸಣ್ಣದಾಗಿ ಇತ್ತು. ಹೊಸದು ಚೌಕ. ಸುತ್ತಲೂ ಬೆರಳು ತೂರುವಷ್ಟು ಸಂದಿ, ಒಳಗಿನ ವೈರುಗಳೆಲ್ಲ ಕಾಣುತ್ತಿದ್ದವು. ಆ ಕಾರಿಗೆ ಹೊಂದುವ ಪ್ಲಾಸ್ಟಿಕ್ ಚೌಕಟ್ಟು ಹುಬ್ಬಳ್ಳಿಯಲ್ಲೂ ಸಿಗುವುದಿಲ್ಲವೆಂದು ಶಾಹಿದ್ ಫೋನ್ ಮಾಡಿ ಕೇಳಿ ಹೇಳಿದ. ಆಮೇಲೆ ಮಿಠಾಯಿ ಡಬ್ಬಿಯ ರಟ್ಟನ್ನು ಆ ಸಂದಿಯ ಆಕಾರಕ್ಕೆ ಕತ್ತರಿಸಿ ಅಕ್ಕೋರ ಕೈಗಿತ್ತ.

"ನಮ್ಮೂರಾಗ ಕಟಗಿ ಕೆಲಸಕ್ಕ ಏನ ಕಡಿಮಿ ಐತ್ರಿ? ತೊಟ್ಟಲಾ ಮಾಡೂ ಹನುಮೇಶನ ಕಡೆ ಹೋಗ್ರಿ."

ಹನುಮೇಶನ ಮನೆಯೇ ಅವನ ಕಾರ್ಖಾನೆ. ಪಡಸಾಲೆಯಲ್ಲಿ ಅರ್ಧ ಬಣ್ಣ ಹಚ್ಚಿದ ತೊಟ್ಟಿಲುಗಳು, ನಡುವೆ ಕಾದ ಅರಗಿನ ವಾಸನೆ. ಅವನು ರಟ್ಟನ್ನು ತಿರುಗಿಸಿ ತಿರುಗಿಸಿ ನೋಡಿದ. ತನ್ನ ಅಜ್ಜನ ಕಾಲದಿಂದಲೂ ಇಂಥ ಬೇಡಿಕೆ ಬಂದಿರಲಿಲ್ಲವೆಂದ. ಹಾಗೆನ್ನುತ್ತಲೇ ಸಾಗವಾನಿಯ ತುಂಡೊಂದನ್ನು ಹುಡುಕತೊಡಗಿದ.

"ಮ್ಯಾಲೆ ಏನ ಬರೀಲಿರಿ?"

"ಗಿಳಿ ಬರಿ," ಎಂದಳು ಸಾವಂತ್ರೆವ್ವ. ಈ ಸಲ ಅವಳು ತಾನೇ ಕೇಳಿಕೊಂಡು ಕಾರಿನಿಂದ ಇಳಿದು ಬಂದಿದ್ದಳು.

ಅಕ್ಕೋರು ನೆಲದ ಮೇಲಿನ ಕಟ್ಟಿಗೆಯ ಪುಡಿಯಲ್ಲಿ ಬೆರಳಿನಿಂದ ಗೆರೆ ಎಳೆದರು. ಸಾಲಾಗಿ ಕುಕ್ಕರಗಾಲಲ್ಲಿ ಕೂತ ಹುಡುಗಿಯರು, ಒಬ್ಬಳ ಮುಖ ಈ ಕಡೆ, ಮುಂದಿನವಳ ಮುಖ ಆ ಕಡೆ. "ಎರಡೂ ಬಾಜೂಕ ಎರಡು ಕಂಬ," ಎಂದರು. "ಖೋ ಖೋ ನೋಡೀಯಿಲ್ಲೊ?"

ಹನುಮೇಶ ನೋಡಿದ್ದ. ಕೆಲವು ದಿನ ಬಿಟ್ಟು ಹೋದಾಗ ಚೌಕಟ್ಟು ಸಿದ್ಧವಾಗಿತ್ತು. ಮೇಲಿನ ಕಮಾನಿನಲ್ಲಿ ಕೆಂಪು ಲಂಗದ ಎಂಟು ಹುಡುಗಿಯರು, ಎಡಬಲಕ್ಕೆ ಹಳದಿ ಕಂಬ, ಕೆಳಗಿನ ಸಣ್ಣ ಪಟ್ಟಿಯಲ್ಲಿ ಸಾವಂತ್ರೆವ್ವನ ಎರಡು ಗಿಳಿ. ಕೇದಗಿ ಗರಿಯಿಂದ ತಿಕ್ಕಿದ ಅರಗಿನ ಬಣ್ಣ ಕನ್ನಡಿಯಂತೆ ಹೊಳೆಯುತ್ತಿತ್ತು. ಶಾಹಿದ್ ಅದನ್ನು ಸಂದಿಯ ಮೇಲೆ ಇಟ್ಟು ಒತ್ತಿದ. ಟಕ್ ಎಂದು ಕೂತಿತು. ಅವನ ಅಂಗಡಿಗೆ ಬಂದಿದ್ದ ಟ್ರ್ಯಾಕ್ಟರಿನವರೆಲ್ಲ ಸರದಿಯಲ್ಲಿ ಬಗ್ಗಿ ನೋಡಿದರು. ತಮಗೂ ಒಂದು ಬೇಕೆಂದು ಒಬ್ಬ ಅಲ್ಲಿಂದಲೇ ಹನುಮೇಶನ ಮನೆಯ ಕಡೆ ನಡೆದ.

ಮನೆಗೆ ಹೊರಟಾಗ ಬಸ್ ನಿಲ್ದಾಣದ ಮುಂದೆ ದನಗಳು ಅಡ್ಡ ಬಂದು ಕಾರು ನಿಂತಿತು. ಹಾಡು ಕೇಳಿ, ಹುಬ್ಬಳ್ಳಿ ಬಸ್ಸಿಗೆ ಕಾಯುತ್ತಿದ್ದ ಹೆಂಗಸರ ಗುಂಪೊಂದು ತಿರುಗಿ ನೋಡಿತು. ಮಂಜುಳಾ ಎಂಬವಳು ಮೊದಲು ಗುರುತು ಹಿಡಿದಳು. ಈಗ ಅವಳು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ, ಎರಡು ಮಕ್ಕಳ ತಾಯಿ. ಒಂದು ಕಾಲಕ್ಕೆ ಅಕ್ಕೋರ ತಂಡದಲ್ಲಿ ಅವಳಷ್ಟು ಚುರುಕಾಗಿ ತಪ್ಪಿಸಿಕೊಳ್ಳುವವರು ಇರಲಿಲ್ಲ. ಅವಳ ಹಿಂದೆ ಭಾಗ್ಯಾ, ಅವಳ ಹಿಂದೆ ನಾಜಮೀನ್. ಮೂವರೂ ಕಿಟಕಿಯಲ್ಲಿ ತಲೆ ಹಾಕಿದರು.

"ಅಕ್ಕೋರ, ಇದು ನಮ್ಮ ಟೀಮ್ ಏನ್ರಿ?" ಎಂದು ಮಂಜುಳಾ ಚೌಕಟ್ಟನ್ನು ಮುಟ್ಟಿದಳು.

"ಮತ್ತ ಯಾರ್ದು?"

"ಮೂರನೇದಾಕಿ ನಾನ," ಎಂದಳು ನಾಜಮೀನ್.

"ಆಕಿ ನಾ ಬೇ. ನೀ ಯಾವಾಗಲೂ ಕಂಬದ ಕಡೆ ಕುಂಡ್ರತಿದ್ದಿ," ಎಂದಳು ಭಾಗ್ಯಾ.

ವಾದ ತೀರಲಿಲ್ಲ. ಅಕ್ಕೋರು ಕಾರನ್ನು ಬದಿಗೆ ಹಚ್ಚಿದರು. ಸಾವಂತ್ರೆವ್ವನನ್ನು ಮೂವರೂ ಸೇರಿ ಎಬ್ಬಿಸಿ ನಿಲ್ದಾಣದ ಕಟ್ಟೆಯ ಮೇಲೆ ಕೂರಿಸಿದರು. ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಅಕ್ಕೋರು ಊರಿಗೆ ಒಂದು ಸುತ್ತು ಹಾಕಿ ಬಂದರು. ನಾಜಮೀನ್ ತನ್ನ ಫೋನಿನ ಹಾಡು ಹಾಕಿದಳು, ಭಾಗ್ಯಾ ತನ್ನದು. ನಡುವೆ ಹುಬ್ಬಳ್ಳಿ ಬಸ್ಸು ಬಂದು ಹೋಯಿತು. ಅವರು ಕೈ ಬೀಸಿ ಅದನ್ನು ಕಳಿಸಿದರು. ಕಟ್ಟೆಯ ಮೇಲೆ ತಮ್ಮ ಸರದಿಗೆ ಕಾಯುತ್ತ ಕೂತವರು ಮಾತು ಬೆಳೆಸಿ, ಬರುವ ರವಿವಾರ ಹಳೆಯ ತಂಡದವರನ್ನೆಲ್ಲ ಕರೆದುಕೊಂಡು ಖೋ ಖೋ ಆಡಲು ಮಿಶ್ರಿಕೋಟಿಯ ಶಾಲೆಯ ಮೈದಾನಕ್ಕೆ ಬರುವುದೆಂದು ತೀರ್ಮಾನ ಮಾಡಿದರು.

ಬಂದರು ಕೂಡ. ಸೀರೆ ಎತ್ತಿ ಕಟ್ಟಿದವರು, ಚೂಡಿದಾರದವರು, ದುಪಟ್ಟಾ ನಡುವಿಗೆ ಬಿಗಿದವರು. ಹಳದಿ ಕಾರು ಮೈದಾನದ ಅಂಚಿನಲ್ಲಿ ಎರಡೂ ಬಾಗಿಲು ತೆರೆದು ಹಾಡುತ್ತಿತ್ತು. ಸಾವಂತ್ರೆವ್ವ ಬೇವಿನ ಕೆಳಗೆ ಒಲೆ ಹೂಡಿ ದೊಡ್ಡ ಬೋಗುಣಿಯಲ್ಲಿ ಉಪ್ಪಿಟ್ಟು ತಿರುವುತ್ತಿದ್ದಳು. ಮೊದಲ ಓಟದಲ್ಲೇ ಭಾಗ್ಯಾ ಜಾರಿ ಬಿದ್ದಳು, ಏಳದೆ ಅಲ್ಲೇ ಅಂಗಾತ ಮಲಗಿ ನಗತೊಡಗಿದಳು. ಅಕ್ಕೋರು ಅವಳ ಹತ್ತಿರ ಹೋಗಿ ಮೊಣಕಾಲು ನೋಡಿದರು, ಪೆಟ್ಟೇನೂ ಆಗಿರಲಿಲ್ಲ. "ಏಳು," ಎಂದರು. "ಆಟಾ ನಿಂತಿಲ್ಲ."