ಕೈ ಜ್ವಾಪಾನ

ನಮ್ಮ ಆಲ್ಬಮ್ಮಿನಲ್ಲಿ ಹತ್ತು ಹಾಡುಗಳಿವೆ. ಹತ್ತನ್ನೂ ಹಾಡಿದವನು ಚನ್ನಪಟ್ಟಣದಲ್ಲಿ ಬೊಂಬೆ ಮಾಡುತ್ತಿದ್ದ ನನ್ನ ಗೆಳೆಯ. ಅವನು ತೀರಿಕೊಂಡು ವರ್ಷವಾಗುತ್ತ ಬಂತು. ಆ ಆಲ್ಬಮ್ಮನ್ನು ಈಗ ನಾನು ಪೂರ್ತಿ ಕೇಳಲಾರೆ. ಹಾಡಿಗೇನೋ ಎದೆ ಗಟ್ಟಿ ಮಾಡಿಕೊಳ್ಳಬಹುದು. ಒಂದೊಂದು ಹಾಡಿಗೂ ಮುಂಚೆ ಒಂದು ಗಳಿಗೆಯ ಮೌನವಿದೆಯಲ್ಲ, ಅದನ್ನು ತಡೆಯಲಾಗುವುದಿಲ್ಲ. ಅದನ್ನು ಅಷ್ಟು ಚೊಕ್ಕಟ ಮಾಡಿದವನು ನಾನೇ.

ನಾವು ನಾಲ್ಕು ಜನ, ನಾಲ್ಕು ತಾಲ್ಲೂಕು. ನಾನು ರಾಮನಗರದ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಮೇಷ್ಟ್ರು, ಗಿಟಾರ್ ನನ್ನದು. ಡ್ರಮ್ಸ್ ಬಾರಿಸುವವನು ಕನಕಪುರದ ಕಡೆ ಕಲ್ಲು ಕ್ವಾರಿಯಲ್ಲಿ ಕೆಲಸಕ್ಕಿದ್ದ. ಬೇಸ್ ಗಿಟಾರಿನವನು ಮಾಗಡಿ ತಾಲ್ಲೂಕಿನ ಕುದೂರಿನಿಂದ ಬಸ್ಸು ಬದಲಿಸಿ ಬದಲಿಸಿ ಬರುತ್ತಿದ್ದ. ನುಡಿಸುತ್ತಿದ್ದುದು ಬ್ಲೂಸ್; ಅಮೆರಿಕದ ಹತ್ತಿ ಹೊಲಗಳಲ್ಲಿ ಬೆನ್ನು ಮುರಿಯೆ ದುಡಿದ ಕಪ್ಪು ಜನರ ಸಂಕಟದಿಂದ ಹುಟ್ಟಿದ ಹಾಡುಗಳು. "ಮದ್ವೆಗೆ ಕರೆದ್ರೆ ಇದನ್ನೇ ಬಾರಿಸ್ತೀರಾ?" ಎಂದು ನನ್ನ ಹೆಂಡತಿ ಕಾಲೆಳೆಯುತ್ತಿದ್ದಳು. ಯಾರೂ ಕರೆಯಲಿಲ್ಲ, ಅದು ಬೇರೆ ಮಾತು.

ಹಾಡುಗಾರನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಮೆಮೊರಿ ಕಾರ್ಡಿಗೆ ಹಾಕಿಸಿಕೊಂಡ ಹಾಡುಗಳನ್ನು ಬೊಂಬೆ ಕಡೆಯುವ ಲೇತಿನ ಮುಂದೆ ಕೂತು ಕೇಳಿ ಕೇಳಿಯೇ ಕಲಿತಿದ್ದ. ಸಾಲುಗಳನ್ನು ಕನ್ನಡದಲ್ಲಿ ಬರೆದುಕೊಂಡು ಅರ್ಥ ಮಾತ್ರ ನನ್ನನ್ನು ಕೇಳುತ್ತಿದ್ದ. ಒಮ್ಮೆ, ಹೆಂಡತಿ ಬಿಟ್ಟುಹೋದವನೊಬ್ಬನ ಹಾಡಿನ ಅರ್ಥ ಹೇಳಿದೆ. "ಇವನ್ಗೆ ಬುದ್ಧಿ ಹೇಳೋರು ಯಾರೂ ಇರ್ನಿಲ್ವಾ ಮೇಷ್ಟ್ರೇ? ಒಸಿ ತಗ್ಗಿ ಬಗ್ಗಿ ಹೋಗಿ ಕರ್ಕೊಂಡು ಬರೋದಲ್ವಾ?" ಎಂದ. ಆಮೇಲೆ ಅವನು ಅದನ್ನು ಹಾಡಿದಾಗ ಕಲ್ಲು ಒಡೆಯುವ ನಮ್ಮ ಡ್ರಮ್ಮಿನವನು ಕಣ್ಣೊರೆಸಿಕೊಂಡ.

ಸ್ಟುಡಿಯೋ ನಮ್ಮ ಹಣೆಯಲ್ಲಿ ಬರೆದಿರಲಿಲ್ಲ. ಬೇಸಿಗೆ ರಜೆಯ ಶುಕ್ರವಾರಗಳಲ್ಲಿ, ಅವನು ಮಧ್ಯಾಹ್ನದ ನಮಾಜು ಮುಗಿಸಿ ಬಂದ ಮೇಲೆ, ಅವನ ಶೆಡ್ಡಿನಲ್ಲೇ ರೆಕಾರ್ಡು ಮಾಡುತ್ತಿದ್ದೆವು. ಅವತ್ತು ಲೇತಿಗೆ ರಜ. ಅರಗಿನ ವಾಸನೆಯಲ್ಲಿ, ಮರದ ಹೊಟ್ಟಿನ ನಡುವೆ, ನನ್ನ ಸ್ಟೂಲು ಮೋಟರಿನ ಬೆಲ್ಟಿನ ಪಕ್ಕಕ್ಕೇ ಇರುತ್ತಿತ್ತು.

ಆ ಶೆಡ್ಡಿನಲ್ಲಿ ಒಂದು ಪದ್ಧತಿಯಿತ್ತು. ಒಂದೇ ಮೋಟರಿಗೆ ಎರಡು ಲೇತು. ಒಂದರಲ್ಲಿ ಅವನು, ಇನ್ನೊಂದರಲ್ಲಿ ಅವನ ಹೆಂಡತಿ. ಸ್ವಿಚ್ಚು ಹಾಕುವವರು ಮೊದಲು "ಕೈ ಜ್ವಾಪಾನ!" ಎಂದು ಕೂಗಬೇಕು. ಬೆಲ್ಟಿನ ಹತ್ತಿರ ಕೈಯಿಟ್ಟವರು ತೆಗೆಯಲಿ ಎಂದು. ನಾನು ಮೊದಲ ಸಲ ಅಲ್ಲಿಗೆ ಹೋದ ದಿನ, ಮಾತಿನ ಭರದಲ್ಲಿ ಅವನು ಕೂಗದೆ ಸ್ವಿಚ್ಚು ಹಾಕಿಬಿಟ್ಟ. ನನ್ನ ಅಂಗಿಯ ತೋಳು ಬೆಲ್ಟಿಗೆ ಸಿಕ್ಕಿತು. ತಟಕ್ಕನೆ ಆರಿಸಿದ. ತೋಳು ಹರಿಯಿತು, ಕೈ ಉಳಿಯಿತು. ನಾನು ನಕ್ಕು ಮರೆತೆ.

ರೆಕಾರ್ಡಿಂಗ್ ದಿನಗಳಲ್ಲಿ ಮೋಟರು ನಿಂತೇ ಇರುತ್ತಿತ್ತು. ಆದರೂ ಪ್ರತಿ ಹಾಡಿಗೂ ಮುಂಚೆ ಅವನು ನನ್ನ ಕಡೆ ತಿರುಗಿ, "ಕೈ ಜ್ವಾಪಾನ ಮೇಷ್ಟ್ರೇ" ಅನ್ನುತ್ತಿದ್ದ. ಆಮೇಲೆ ಕಾಲಿನಿಂದ ನಾಲ್ಕು ತಾಳ, ಹಾಡು ಶುರು. ಇದು ಕಸುಬಿನ ಚಾಳಿ ಎಂದುಕೊಂಡೆ.

ಕಂಪ್ಯೂಟರಿನಲ್ಲಿ ಹಾಡು ತಿದ್ದುವ ಕೆಲಸ ನನ್ನದು. ಕೆಂಪು ಪೆನ್ನಿಗೆ ಒಗ್ಗಿದ ಕೈ ಸುಮ್ಮನಿರುತ್ತದೆಯೇ? ಹೊರದೇಶದವರು ಕೇಳಿದರೆ ನಗಬಾರದು ಎಂಬ ಬಿಗುಮಾನ ಬೇರೆ. ಹತ್ತೂ ಕಡೆ ಅವನ ಆ ಮಾತನ್ನು ಕತ್ತರಿಸಿದೆ. ಮೂಲ ರೆಕಾರ್ಡುಗಳನ್ನಾದರೂ ಇಟ್ಟುಕೊಂಡೆನೇ? ಜಾಗ ಸಾಲದು ಎಂದು ಅವನ್ನೂ ಅಳಿಸಿದೆ. ಸಿದ್ಧವಾದ ಹಾಡುಗಳನ್ನು ಅವನು ಕಿವಿಗೆ ಇಯರ್‌ಫೋನ್ ಇಟ್ಟುಕೊಂಡು ತಲೆತಗ್ಗಿಸಿ ಕೇಳಿದ. "ಚೆನ್ನಾಗೈತೆ ಮೇಷ್ಟ್ರೇ. ಬೇರೆ ಯಾರೋ ಹಾಡ್ದಂಗೈತೆ" ಎಂದ. ನಾನು, ದಡ್ಡ, ಅದನ್ನು ಹೊಗಳಿಕೆ ಎಂದುಕೊಂಡು ಬೀಗಿದೆ.

ಆಲ್ಬಮ್ ಹೊರಬಂದ ಎರಡು ತಿಂಗಳಿಗೆ, ಒಂದು ಬೆಳಗ್ಗೆ, ಲೇತಿನ ಮುಂದೆ ಕೂತವನು ಎದೆ ಹಿಡಿದುಕೊಂಡು ಗೋಡೆಗೊರಗಿದ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅವನ ಹೆಂಡತಿ ಮತ್ತೆ ಲೇತು ಶುರು ಮಾಡಿದ್ದಾರೆಂದು ತಿಳಿದು, ಅವನು ಹೋಗಿ ಆರು ತಿಂಗಳಾದ ಮೇಲೆ ನೋಡಲು ಹೋದೆ. ಆಕೆ ಮೊಬೈಲು ಮುಂದೆ ಹಿಡಿದರು.

"ಹಾಡು ಎಲ್ಲ ಕೇಳ್ದೆ ಅಣ್ಣ. ನಂಗೆ ಇಂಗ್ಲಿಸು ತಿಳಿಯಕಿಲ್ಲ. ಹಾಡೋಕ್ ಮುಂಚೆ ಒಂದ್ ಮಾತು ಹೇಳೋರಲ್ಲ, ನಾನು ಹೊರಗೆ ಟೀ ಕಾಸ್ತಾ ಕೇಳುಸ್ಕೋತಿದ್ದೆ. ಅದು ಎಲ್ಲೈತೆ? ಅವ್ರು ಬರೀ ಮಾತಾಡಿದ್ದು ನನ್ ತಾವ ಒಂದೂ ಇಲ್ಲ."

ಸುಳ್ಳು ಹೇಳಬಹುದಿತ್ತು, ಹುಡುಕಿ ಕೊಡುತ್ತೇನೆ ಎಂದು ತಪ್ಪಿಸಿಕೊಳ್ಳಬಹುದಿತ್ತು. ಬಾಯಿ ಬರಲಿಲ್ಲ. "ಅಳಿಸಿಬಿಟ್ಟೆ ತಾಯಿ. ಹಾಡಿನ ಮಧ್ಯೆ ಅದು ಯಾಕೆ ಅನ್ನಿಸ್ತು" ಎಂದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ನನ್ನ ಒಲೆ ಅವತ್ತಿನಿಂದ ಆರಿಲ್ಲ.

ಆಕೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಅದು ಹಾಡಿಗೆ ಹೇಳಿದ್ದಲ್ಲ ಅಣ್ಣ, ನಿಮ್ಗೆ ಹೇಳಿದ್ದು" ಎಂದರು. "ನಿಮ್ ತೋಳು ಸಿಕ್ಕಾಕೊಂಡ ದಿನ ಅವ್ರು ಅನ್ನ ಮುಟ್ನಿಲ್ಲ. ಮೇಷ್ಟ್ರ ಕೈ ಹೋಗಿದ್ರೆ ನಾನು ಹೆಂಗೆ ಬದುಕ್ಲಿ ಅಂತ ಅತ್ಬುಟ್ರು. ಆಮ್ಯಾಕೆ ನೀವು ಆ ಸ್ಟೂಲ್ ಮ್ಯಾಲೆ ಕುಂತಾಗೆಲ್ಲ, ಮೋಟ್ರು ಇರ್ಲಿ ಬುಡ್ಲಿ, ಹೇಳ್ದಲೆ ಸುರು ಮಾಡ್ತಿರ್ನಿಲ್ಲ."

ನಾನು ಅದೇ ಸ್ಟೂಲಿನ ಮೇಲೆ ಕೂತಿದ್ದೆ. ಆಕೆ ಕಣ್ಣೊರೆಸಿಕೊಂಡು ಲೇತಿನ ಮುಂದೆ ಹೋಗಿ ಕೂತರು. ಸ್ವಿಚ್ಚಿನ ಮೇಲೆ ಕೈಯಿಟ್ಟವರು ಹಾಗೇ ತಡೆದು, ನನ್ನ ಕಡೆ ತಿರುಗಿ, "ಕೈ ಜ್ವಾಪಾನ ಅಣ್ಣ" ಎಂದರು.

ಕೈ ಎಳೆದುಕೊಂಡು ಮಡಿಲಲ್ಲಿಟ್ಟುಕೊಂಡೆ. ಹತ್ತೂ ಬೆರಳು ನೆಟ್ಟಗಿದ್ದವು. ಅವನು ಕಾಪಾಡಿದ ಆ ಬೆರಳುಗಳಿಂದಲೇ ನಾನು ಅವನ ಮಾತನ್ನು ಅಳಿಸಿದ್ದೆ.