ಮಗಳೊಡನೆ ಬೆಳುವಾಯಿಯ ಔಷಧಾಲಯಕ್ಕೆ

೧೯೫೮ನೇ ಇಸವಿ ಜನವರಿಯ ಒಂದು ಶನಿವಾರ, ಬೆಳಗ್ಗೆ ಐದೂವರೆ ಗಂಟೆ. ಬಂಟ್ವಾಳದ ನಮ್ಮ ಮನೆಯ ಜಗಲಿಯಲ್ಲಿ ನಾನು, ಹೆಂಡತಿ ಸಾರಾ, ಮಗಳು ವಿಮಲಾ ಮೂವರೂ ಇದ್ದೆವು. ವಿಮಲಾ ಗಂಟೆ ಬಾರಿಸಿದಳು. ಒಂದು ಕೀರ್ತನೆ ಹಾಡಿ, ಪ್ರಾರ್ಥನೆ ಮುಗಿಸಿ, ಗಂಜಿ ಉಂಡೆವು. ನಮ್ಮ ಮನೆಯ ಕ್ರಮವೇ ಹಾಗೆ. ಮೊದಲು ಗಂಟೆ, ಬಳಿಕ ಪ್ರಾರ್ಥನೆ, ಅದರ ಮೇಲೆ ಗಂಜಿ. ಮಿಷನ್ ಬೋರ್ಡಿಂಗ್ ಶಾಲೆಯಲ್ಲಿ ನಾನು ಕಲಿತದ್ದನ್ನೇ ಮಕ್ಕಳಿಗೂ ಕಲಿಸಿದೆ. ಆರನೆಯ ವಯಸ್ಸಿನಿಂದ ಗಂಟೆ ಬಾರಿಸುವ ಕೆಲಸ ವಿಮಲಾಳದಾಗಿತ್ತು.

ಅವಳ ನರ್ಸ್ ತರಬೇತಿ ಆಗಷ್ಟೇ ಮುಗಿದಿತ್ತು. ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಕೆಲಸ ಸಿದ್ಧವಿತ್ತು. ಆದರೆ ಅವಳ ಮನಸ್ಸು ಬೆಳುವಾಯಿಯ ಮೇಲೆ. ಅಲ್ಲಿ ನಮ್ಮ ಸಭೆಯವರು ನಡೆಸುವ ಸಣ್ಣ ಔಷಧಾಲಯಕ್ಕೆ ನರ್ಸ್ ಇಲ್ಲದೆ ಮಳೆಗಾಲವಿಡೀ ಕಳೆದಿತ್ತು. ನೇಮಿಸುವುದು ಮೂಡುಬಿದಿರೆಯ ಸಭಾಪಾಲಕರ ಕೈಯಲ್ಲಿತ್ತು. ಅವರು ಒಪ್ಪಿದರೆ ಅವಳು ಅಂದೇ ಅಲ್ಲಿ ಉಳಿಯುವುದು, ಒಪ್ಪದಿದ್ದರೆ ಸೋಮವಾರ ಮಂಗಳೂರಿಗೆ ಹೋಗುವುದು ಎಂದು ನಿಶ್ಚಯಿಸಿಕೊಂಡೆವು. ಒಂದು ಕೆಲಸಕ್ಕೆ ಎರಡು ಸಲ ತಿರುಗುವುದು ನನಗೆ ಸರಿಬೀಳುವುದಿಲ್ಲ. ಹಾಗಾಗಿ ಟ್ರಂಕನ್ನೂ ಜೊತೆಗೆ ತೆಗೆದುಕೊಂಡೆವು.

ನೇರ ದಾರಿ ಸಿದ್ಧಕಟ್ಟೆಯ ಮೇಲೆ. ಸಾರಾಳನ್ನು ಮನೆಯಲ್ಲಿ ಬಿಟ್ಟು ನಾನೂ ವಿಮಲಾಳೂ ಬೆಳ್ತಂಗಡಿಯನ್ನು ಸುತ್ತಿ ಹೋದೆವು. ಅಲ್ಲಿ ನನ್ನ ಅಕ್ಕ ಇದ್ದಾಳೆ. ಮನೆಮನೆಗೆ ನಡೆದು ಹೆಂಗಸರಿಗೆ ಸುವಾರ್ತೆ ಓದಿ ಹೇಳುವುದೇ ಅವಳ ಜೀವಮಾನದ ಕೆಲಸವಾಗಿತ್ತು. ನಮ್ಮ ಕುಟುಂಬದಲ್ಲಿ ಸೇವೆಗೆ ಹೊರಟವರು ಮೊದಲು ಅಕ್ಕನ ಮುಂದೆ ನಿಲ್ಲಬೇಕು.

ಬಸ್ಸು ಹೊರಟಾಗ ನದಿಯ ಮೇಲಿನ ಮಂಜು ಪೇಟೆಯನ್ನೂ ಮುಚ್ಚಿತ್ತು. ಬೆಳ್ತಂಗಡಿಗೆ ಸುಮಾರು ಇಪ್ಪತ್ತು ಮೈಲು, ಒಬ್ಬರಿಗೆ ಹನ್ನೆರಡಾಣೆ. ಹೊಸ ಪೈಸೆ ಬಂದು ತಿಂಗಳುಗಳಾದರೂ ಕಂಡಕ್ಟರನ ಬಾಯಲ್ಲಿ ಇನ್ನೂ ಆಣೆಯೇ ಇತ್ತು. ಪುಂಜಾಲಕಟ್ಟೆ ದಾಟುವಾಗ ಬಿಸಿಲು ಬಿತ್ತು. ವಿಮಲಾ ದಾರಿಯುದ್ದಕ್ಕೂ ಕಿಟಕಿಯ ಹೊರಗೆ ನೋಡುತ್ತಿದ್ದಳು. ನಾನು ಅವಳಿಗೆ ಔಷಧಾಲಯದ ಕ್ರಮವನ್ನು ಇನ್ನೊಮ್ಮೆ ಹೇಳಿದೆ. ರೋಗಿಗಳು ಜಗಲಿಯಲ್ಲಿ ಕೂರಬೇಕು, ವಾಕ್ಯ ಓದಿ ಪ್ರಾರ್ಥನೆ ಆಗಬೇಕು, ಆಮೇಲೆ ಬಾಗಿಲು ತೆರೆದು ಮದ್ದು ಕೊಡಬೇಕು. ಅವಳು "ಗೊತ್ತುಂಟು ಅಪ್ಪ" ಎಂದಳು, ಅಷ್ಟೇ.

ಅಕ್ಕ ನಮಗಾಗಿ ಅಕ್ಕಿತರಿಯ ಪುಂಡಿಗಳನ್ನು ಹಬೆಯಲ್ಲಿ ಬೇಯಿಸಿ, ಒಣ ಸಿಗಡಿ ಚಟ್ನಿ ಅರೆದು ಕಾದಿದ್ದಳು. ಅವಳ ಕಾಲು ಈಗ ಅಂಗಳ ದಾಟುವುದಿಲ್ಲ, ನಾಲಗೆ ಮಾತ್ರ ಮೊದಲಿನಂತೆಯೇ ಉಂಟು. ನಾನು ಎರಡು ಸಲ ಗಡಿಯಾರ ನೋಡಿದ್ದನ್ನು ಕಂಡು ವಿಮಲಾಳ ಕಡೆ ತಿರುಗಿದಳು.

"ನಿನ್ನ ಅಪ್ಪನಿಗೆ ಸ್ವರ್ಗದ ಬಾಗಿಲಲ್ಲಿಯೂ ಒಂದು ಗಂಟೆ ಬೇಕು ಮಾರಾಯ್ತಿ. ಬಾರಿಸದೆ ಒಳಗೆ ಹೋಗುವವನಲ್ಲ."

"ಬಾರಿಸಲಿಕ್ಕೆ ನನ್ನನ್ನೇ ಕರೀತಾರೆ ಅತ್ತೆ" ಎಂದಳು ವಿಮಲಾ. ಇಬ್ಬರೂ ನಕ್ಕರು. ನಾನು ಟ್ರಂಕಿನ ಹಗ್ಗ ಬಿಗಿದೆ.

ಹೊರಡುವಾಗ ಅಕ್ಕ ಅವಳ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದಳು. ಬಳಿಕ, ಯಾರ ಮನೆಗೆ ಹೋದರೂ ಮೊದಲು ಒಲೆಯ ಕಡೆ ನೋಡು, ಬೆಂಕಿ ಉಂಟಾ ಇಲ್ಲವಾ ಎಂದು ತಿಳಿದುಕೊಂಡು ಮಾತು ತೆಗೆ ಎಂದು ಹೇಳಿಕೊಟ್ಟಳು.

ಗುರುವಾಯನಕೆರೆಯಲ್ಲಿ ಬಸ್ಸು ಬದಲಿಸಿ, ವೇಣೂರಿನ ಮೇಲೆ ಮಧ್ಯಾಹ್ನ ಮೂಡುಬಿದಿರೆ ಸೇರಿದೆವು. ರಸ್ತೆ ಪೂರ್ತಿ ಕೆಂಪು ಧೂಳು. ನನ್ನ ಬಿಳಿ ಕೋಟನ್ನು ಎರಡು ಸಲ ಕೊಡವಬೇಕಾಯಿತು. ಜೈನಪೇಟೆಯ ಹತ್ತಿರದ ಹೋಟೆಲಿನಲ್ಲಿ ಬನ್ಸ್ ತಿಂದು ಕಾಫಿ ಕುಡಿದೆವು. ಮೊದಲೇ ಕಾಗದ ಬರೆದಿದ್ದರಿಂದ ಸಭಾಪಾಲಕರು ಅಲ್ಲಿಗೇ ಬಂದರು. ಅವರೂ ನಾನೂ ಬೋರ್ಡಿಂಗ್‌ನಲ್ಲಿ ಒಂದೇ ಬೆಂಚಿನವರು, ಒಂದೇ ಗಂಟೆಗೆ ಎದ್ದವರು. ಮೂವರೂ ಕಾರ್ಕಳದ ಬಸ್ಸು ಹತ್ತಿ ಬೆಳುವಾಯಿಯಲ್ಲಿ ಇಳಿದೆವು.

ಔಷಧಾಲಯವೆಂದರೆ ಹೆಂಚಿನ ಎರಡು ಕೋಣೆ, ಮುಂದೆ ಉದ್ದನೆಯ ಜಗಲಿ, ಹಿಂದೆ ಅಡುಗೆಗೆ ಹುಲ್ಲು ಹೊದೆಸಿದ ಒಂದು ಮಾಡು. ಕೊಯ್ಲು ಮುಗಿದ ಗದ್ದೆ ಅಂಗಳದವರೆಗೂ ಬಂದಿತ್ತು. ನರ್ಸ್ ಬರುವ ಸುದ್ದಿ ತಿಳಿದು ಹತ್ತು ಹನ್ನೆರಡು ಮಂದಿ ಕಾಯುತ್ತಿದ್ದರು. ಸಭಾಪಾಲಕರು ಚಪ್ಪಲಿ ಕಳಚಿ, ಪುಸ್ತಕ ತೆರೆದು ತುಳುವಿನಲ್ಲಿ ಓದತೊಡಗಿದರು. ತುದಿಯಲ್ಲಿ ಕೂತಿದ್ದ ಒಬ್ಬ ತಾಯಿಯ ಮಡಿಲಲ್ಲಿ ಮಗು ಚೀರುತ್ತಿತ್ತು. ಬಿಸಿ ಗಂಜಿ ಚೆಲ್ಲಿ ಅದರ ಪಾದ ಸುಟ್ಟಿತ್ತು. ತಾಯಿ ಓದಿಗೆ ಅಡ್ಡಿಯಾಗುತ್ತದೆಂದು ಸೆರಗಿನಿಂದ ಅದರ ಬಾಯಿ ಮುಚ್ಚುತ್ತಿದ್ದಳು.

ವಿಮಲಾ ನನ್ನ ಪಕ್ಕದಿಂದ ಎದ್ದಳು. ಓದು ನಡೆಯುತ್ತಿರುವಾಗಲೇ ಬಾಗಿಲು ತೆರೆದು ತಾಯಿಯನ್ನು ಒಳಗೆ ಕರೆದಳು. ನಾನು ಕೆಮ್ಮಿದೆ. ಅವಳು ತಿರುಗಲಿಲ್ಲ. ಸಭಾಪಾಲಕರು ಓದುವುದನ್ನು ನಿಲ್ಲಿಸಿದರು. ಒಳಗೆ ನೀರಿನ ಸದ್ದು, ಮಗುವಿನ ಅಳು, ವಿಮಲಾಳ ಮೆಲುಮಾತು ಕೇಳಿಸಿತು. ಸ್ವಲ್ಪ ಹೊತ್ತಿನಲ್ಲಿ ಮಗುವಿನ ಪಾದಕ್ಕೆ ಬಿಳಿ ಕಟ್ಟು ಬಿದ್ದಿತ್ತು. ತಾಯಿ ಅದನ್ನು ಸೊಂಟಕ್ಕೇರಿಸಿಕೊಂಡು ಗದ್ದೆಯ ಬದುವಿನಲ್ಲಿ ಹೊರಟೇಹೋದಳು.

"ವಾಕ್ಯ ಕೇಳದೆ ಹೋದಳಲ್ಲ" ಎಂದರು ಸಭಾಪಾಲಕರು.

"ಹೋಗಲಿ ಅಯ್ಯನವರೇ. ನಾಡಿದ್ದು ಕಟ್ಟು ಬದಲಿಸಲಿಕ್ಕೆ ಬರ್ತಾಳೆ" ಎಂದಳು ವಿಮಲಾ.

ಜಗಲಿಯಲ್ಲಿ ಯಾರೋ ನಕ್ಕರು. ಸಭಾಪಾಲಕರು ನಗಲಿಲ್ಲ. ನಮ್ಮಿಬ್ಬರನ್ನು ಒಳಗೆ ಕರೆದು, ಇಲ್ಲಿ ಒಂದು ಕ್ರಮ ಉಂಟು, ಅದನ್ನು ನಡೆಸಲು ಮನಸ್ಸಿಲ್ಲದವರನ್ನು ನೇಮಿಸುವುದು ಹೇಗೆ ಎಂದು ಕೇಳಿದರು. ಸುವಾರ್ತೆ ಹೇಳುವುದಿಲ್ಲವೆಂದು ನಾನು ಅನ್ನಲಿಲ್ಲ, ಮದ್ದು ಕೊಟ್ಟ ಮೇಲೆ ಹೇಳುತ್ತೇನೆ, ಇರುವವರು ಕೇಳಲಿ, ಹೋಗುವವರು ಹೋಗಲಿ ಎಂದು ವಿಮಲಾ ಉತ್ತರ ಕೊಟ್ಟಳು. ಅವಳ ಸ್ವರ ಅದುರಲಿಲ್ಲ. ಆದರೆ ಎರಡೂ ಕೈಗಳಿಂದ ಮೇಜಿನ ಅಂಚನ್ನು ಹಿಡಿದುಕೊಂಡಿದ್ದಳು.

ಸಭಾಪಾಲಕರು ನನ್ನ ಕಡೆ ನೋಡಿದರು. "ಇದನ್ನು ಇವಳಿಗೆ ಯಾರು ಕಲಿಸಿದ್ದು? ನೀವಂತೂ ಅಲ್ಲ."

"ಅಪ್ಪನೇ ಕಲಿಸಿದ್ದು" ಎಂದಳು ವಿಮಲಾ. "ಅಪ್ಪ, ನಾನು ಸಣ್ಣವಳಿರುವಾಗ ಹೊಳೆ ಉಕ್ಕಿ ಬೊಳ್ಳ ಬಂದದ್ದು ನೆನಪುಂಟಾ? ಕೆಳಗಿನ ಪೇಟೆಯವರೆಲ್ಲ ನಮ್ಮಲ್ಲಿಗೆ ಬಂದಿದ್ದರು. ಪ್ರಾರ್ಥನೆಯ ಹೊತ್ತಾಯಿತೆಂದು ನಾನು ಗಂಟೆ ತೆಗೆದೆ. ನೀವು ನನ್ನ ಕೈ ಹಿಡಿದು, 'ಇರು, ಮೊದಲು ಗಂಜಿ' ಅಂದಿರಿ."

ನೇತ್ರಾವತಿ ಉಕ್ಕಿದ ವರ್ಷಗಳು ಒಂದೆರಡಲ್ಲ. ನನ್ನ ಮನೆ ಎತ್ತರದಲ್ಲಿರುವುದರಿಂದ ಪ್ರತಿ ಸಲವೂ ಯಾರಾದರೂ ಬರುತ್ತಿದ್ದರು. ನೆನೆದ ಬಟ್ಟೆಯಲ್ಲಿ ನಡುಗುತ್ತ ನಿಂತ ಮಕ್ಕಳು, ಸಾರಾ ಒಲೆಗಿಟ್ಟ ದೊಡ್ಡ ಹಂಡೆ, ಎಲ್ಲವೂ ನೆನಪಿಗೆ ಬಂತು. ಆ ಮಾತು ಮಾತ್ರ ಬರಲಿಲ್ಲ. ದಿನಕ್ಕೆ ಎರಡು ಸಲ, ಹದಿನೈದು ವರ್ಷ ಅವಳಿಗೆ ಕಲಿಸಿದ ಕ್ರಮ ಒಂದು. ಒಂದು ದಿನ ನಾನರಿಯದೆ ಆಡಿದ ಮಾತು ಒಂದು. ಎರಡನ್ನೂ ಅವಳು ಇಟ್ಟುಕೊಂಡಿದ್ದಳು. ಯಾವುದು ಎಲ್ಲಿಗೆ ಸಲ್ಲುತ್ತದೆಂದು ಅವಳಿಗೆ ಗೊತ್ತಿತ್ತು. ಬಂಟ್ವಾಳದಿಂದ ಹೊರಡುವಾಗ ನಾನು ಒಳ್ಳೆಯ ನರ್ಸನ್ನು ಕರೆದುಕೊಂಡು ಹೋಗುತ್ತಿದ್ದೇನೆ ಎಂದುಕೊಂಡಿದ್ದೆ. ಬೆಳುವಾಯಿಯಲ್ಲಿ ನನಗೆ ಕಂಡದ್ದು ಸುವಾರ್ತೆಯ ಸೇವಕಿ.

"ಅವಳು ಹೇಳಿದ್ದು ಸರಿ ಉಂಟು" ಎಂದೆ. "ನಮ್ಮ ಮನೆಯ ಕ್ರಮ ಅದೇ. ಮದ್ದು ಮೊದಲು. ಇವಳನ್ನು ನಂಬಿ, ಅಯ್ಯನವರೇ. ಜಾಮೀನು ನಾನು."

ಸಭಾಪಾಲಕರು ಪುಸ್ತಕ ಮುಚ್ಚಿದರು. ಈಸ್ಟರ್‌ವರೆಗೆ ಹಾಗೇ ನಡೆಸಿ ನೋಡುವ ಎಂದರು. ವಿಮಲಾ ಮೇಜು ಬಿಟ್ಟು ಮುಂದಿನ ರೋಗಿಯನ್ನು ಕರೆದಳು. ಟ್ರಂಕನ್ನು ನಾನೇ ಒಳಗಿನ ಕೋಣೆಗೆ ಸಾಗಿಸಿದೆ.

ನಾಲ್ಕೂವರೆಗೆ ಹೊರಟೆ. ಅವಳು ಅಂಗಳದವರೆಗೆ ಬಂದು ಒಂದೇ ಒಂದು ವಸ್ತು ಕೇಳಿದಳು. "ನಮ್ಮ ಗಂಟೆ ಕೊಡ್ತೀರಾ ಅಪ್ಪ? ಮದ್ದಿನ ಕೆಲಸ ಮುಗಿದ ಮೇಲೆ ಬಾರಿಸ್ತೇನೆ. ಕೇಳಬೇಕಾದವರು ಬರಲಿ." ಸೋಮವಾರದ ಬಸ್ಸಿನಲ್ಲಿ ಕಳುಹಿಸುವೆನೆಂದು ಮಾತು ಕೊಟ್ಟೆ. ರಸ್ತೆ ತಿರುಗುವಲ್ಲಿ ಹಿಂದೆ ನೋಡಿದೆ. ಜಗಲಿಯಲ್ಲಿ ಒಬ್ಬ ಮುದುಕನ ಕಣ್ಣಿಗೆ ಮದ್ದು ಬಿಡುತ್ತಿದ್ದಳು. ತಲೆ ಎತ್ತಲಿಲ್ಲ. ಕೆಲಸದ ನಡುವೆ ತಲೆ ಎತ್ತಬಾರದೆಂದು ಕಲಿಸಿದವನು ನಾನೇ.

ಮೂಡುಬಿದಿರೆಯಿಂದ ಸಿದ್ಧಕಟ್ಟೆಯ ಮೇಲೆ ಬಂಟ್ವಾಳ ಸೇರುವಾಗ ದೀಪ ಹಚ್ಚಿದ್ದರು. ಸಾರಾ ಒಬ್ಬಳೇ ಬಾಗಿಲಲ್ಲಿ ನಿಂತಿದ್ದಳು. ಟ್ರಂಕು ಇಲ್ಲದ ನನ್ನ ಕೈ ನೋಡಿ ಅವಳಿಗೆ ಎಲ್ಲ ತಿಳಿಯಿತು. ಊಟ ಮಾಡುತ್ತ ನಡೆದದ್ದನ್ನು ಹೇಳಿದೆ. 'ಮೊದಲು ಗಂಜಿ' ಎಂಬ ಮಾತು ಬಂದಾಗ, ತನಗೆ ಅದು ಚೆನ್ನಾಗಿ ನೆನಪುಂಟು ಎಂದಳು. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ಹೇಳಿದ್ದರೆ ಅದಕ್ಕೂ ಒಂದು ಹೊತ್ತು ಇಡ್ತಿದ್ದಿರಿ" ಎಂದಳು.

ಪ್ರಾರ್ಥನೆ ಮುಗಿದ ಮೇಲೆ ಗಂಟೆಯನ್ನು ಗೂಟದಿಂದ ಇಳಿಸಿದೆ. ಹುಣಸೆಹುಳಿ ಮತ್ತು ಬೂದಿ ಹಾಕಿ ಉಜ್ಜಿದೆ. ನಾಲಗೆ ಸದ್ದು ಮಾಡದಂತೆ ಬಟ್ಟೆ ಸುತ್ತಿ, ಗೋಣಿಚೀಲದಲ್ಲಿ ಇಟ್ಟು ಹೊಲಿದೆ. ಮೇಲೆ ಮಗಳ ಹೆಸರು, ಕೆಳಗೆ ಬೆಳುವಾಯಿ ಎಂದು ಬರೆದು, ಚೀಲವನ್ನು ಬಾಗಿಲ ಹತ್ತಿರ ಇಟ್ಟೆ.