ಮುಟ್ಟಿದರೇ ರೌಂಡು

ಆಗ ನನಗೆ ಅರವತ್ತೊಂದು. ಹನ್ನೊಂದು ವರ್ಷದ ಹಿಂದಿನ ಮಾತು. ಗಿರಿಜಮ್ಮ ಟೀಚರ ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಮೈಮೇಲೆ ಇಳಕಲ್ ಸೀರೆ, ಕಾಲಲ್ಲಿ ಗಂಡಸರ ಬಿಳಿ ಕ್ಯಾನ್ವಾಸ್ ಶೂ. ಈ ವೇಷದಲ್ಲೇ ಅವರು ದಿನಾ ಬೆಳಗ್ಗೆ ಬಸವನಗುಡಿಯ ಪಾರ್ಕಿಗೆ ಬರುತ್ತಿದ್ದರು. ಹೆಂಗಸರ ಶೂ ಅವರ ಕಾಲಿಗೆ ಆಗುತ್ತಿರಲಿಲ್ಲ. ಯಾರಾದರೂ ನಕ್ಕರೆ, "ಕಾಲು ನಂದೇ ತಾನೆ?" ಎನ್ನುತ್ತಿದ್ದರು.

ನಾನು ತಾಯಮ್ಮ, ಹಪ್ಪಳ ಸಂಡಿಗೆ ಮಾಡುವವಳು, ಮನೆ ಚಾಮರಾಜಪೇಟೆ. ಬುಟ್ಟಿ ಹೊತ್ತು ಬಸವನಗುಡಿಯ ಮನೆಗಳಿಗೆ ಹೋಗುವಾಗ ಪಾರ್ಕಿನ ಒಳಗಿಂದ ಹಾದರೆ ದಾರಿ ಹತ್ತಿರ. ಎಲ್ಲಿಗೂ ಹೋಗದೆ ನಡೆಯುವವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಒಂದು ದಿನ ಕೇಳಿಯೇಬಿಟ್ಟೆ.

"ಇಷ್ಟು ಹೊತ್ತಿಂದ ನಡೀತಿದೀರಲ್ಲ ಟೀಚರಮ್ಮ, ಎಲ್ಲಿಗೆ ಹೋಗ್ಬೇಕು?"

"ಎಲ್ಲಿಗೂ ಇಲ್ಲ ತಾಯಮ್ಮ."

"ಎಲ್ಲಿಗೂ ಇಲ್ಲ ಅಂದ್ರೆ ಮನೇಲೇ ಕೂತಿರಬಹುದಿತ್ತಲ್ಲ?"

ಪಾರ್ಕಿನವರೆಲ್ಲ ಗಾಬರಿಯಿಂದ ನನ್ನನ್ನು ನೋಡಿದರು. ಆಕೆ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾರನೇ ದಿನದಿಂದ ನನ್ನನ್ನು ಕಂಡರೆ ನಿಲ್ಲಿಸಿ ಮಾತಾಡಿಸದೆ ಬಿಡುತ್ತಿರಲಿಲ್ಲ.

ಅವರದೊಂದು ನಿಯಮವಿತ್ತು. ಒಂದೊಂದು ಸುತ್ತು ಮುಗಿದಾಗಲೂ ಪಾರ್ಕಿನ ಗೇಟಿನ ಸರಳನ್ನು ಕೈಯಿಂದ ಮುಟ್ಟಬೇಕು. ಮಾತಾಡುತ್ತ ಮರೆತು ಮುಂದೆ ಹೋಗಿಬಿಟ್ಟರೆ, ಮಾತನ್ನು ಅರ್ಧಕ್ಕೆ ಬಿಟ್ಟು ಹಿಂದೆ ಬಂದು ಮುಟ್ಟಿ ಹೋಗುವರು. "ಮುಟ್ಟಿದ್ರೇ ರೌಂಡು. ಇಲ್ದಿದ್ರೆ ಸುಮ್ನೆ ಓಡಾಟ." ಒಮ್ಮೆ ಗೇಟಿಗೆ ಹಸಿರು ಬಣ್ಣ ಬಳಿಯುತ್ತಿದ್ದರು. ಬಣ್ಣದವನು ಕುಂಚ ಎತ್ತಿ ಕೂಗಿದ: "ಅಮ್ಮ, ಪೇಂಟು ಹಸಿ ಇದೆ!"

"ನನ್ನ ರೌಂಡೂ ಹಸಿ ಇದೆಯಪ್ಪ," ಎಂದು ಮುಟ್ಟಿಯೇ ಮುಟ್ಟಿದರು. ಅವತ್ತು ನಾಲ್ಕು ಸುತ್ತು ಹಾಕಿದ್ದಕ್ಕೆ ಗೇಟಿನ ಮೇಲೆ ನಾಲ್ಕು ಅಂಗೈ ಗುರುತು. ಸೀಮೆಎಣ್ಣೆಯಲ್ಲಿ ಉಜ್ಜಿದರೂ ಅವರ ಬೆರಳ ಸಂದಿಯ ಹಸಿರು ಒಂದು ವಾರ ಹೋಗಲಿಲ್ಲ. ಲಿಂಗಪೂಜೆಗೆ ಕೂತಾಗ ಸೀಮೆಎಣ್ಣೆ ವಾಸನೆ ಬರುತ್ತದೆ ಎಂದು ಅವರ ತಮ್ಮ ಗೊಣಗಿದನಂತೆ.

ಗಿರಿಜಮ್ಮ ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಭೂಗೋಳ ಹೇಳಿಕೊಟ್ಟವರು. ಮದುವೆಯಾಗಲಿಲ್ಲ. ತಮ್ಮ ಶಿವಣ್ಣನಿಗೆ ಮಾಮೂಲ್‌ಪೇಟೆಯಲ್ಲಿ ಹಗ್ಗದ ಅಂಗಡಿ; ಅವನ ಸಂಸಾರದ ಜೊತೆಗೇ ಇದ್ದರು. "ಮೂವತ್ತು ವರ್ಷ ಕೋಲಿನ ತುದಿಯಲ್ಲಿ ಅರಬ್ಬೀ ಸಮುದ್ರ ತೋರಿಸ್ದೆ ಕಣೆ. ಕಾಲಿಗೆ ಒಂದು ಹನಿ ತಾಗಿರ್ಲಿಲ್ಲ." ಕೆಲಸ ಮುಗಿದ ವರ್ಷವೇ ಹೊರಟು, ಕರಾವಳಿಯ ಒಂದು ಹಳ್ಳಿ ಹುಡುಕಿಕೊಂಡು ಬಂದರು. ಆಮೇಲೆ ಪ್ರತಿ ಚಳಿಗಾಲದಲ್ಲೂ ನಾಲ್ಕು ದಿನ ಅಲ್ಲಿಗೆ. ಆ ಹಳ್ಳಿಯ ಹೆಸರನ್ನು ಯಾರಿಗೂ ಹೇಳುತ್ತಿರಲಿಲ್ಲ. "ಹೇಳಿದ್ರೆ ನಾಳೆ ಅಲ್ಲೂ ಗೋಬಿ ಮಂಚೂರಿ ಗಾಡಿ ಬರುತ್ತೆ." ನಾನೂ ಹೇಳುವುದಿಲ್ಲ.

ಆ ಬೀಚಿನ ದಕ್ಷಿಣದ ತುದಿಯಲ್ಲಿ ಒಂದು ಕರಿ ಬಂಡೆ. ಅದನ್ನು ಮುಟ್ಟಿ ಬರಬೇಕೆಂಬುದು ಅವರ ಹಟ. ಹತ್ತು ಚಳಿಗಾಲ ಹೋಗಿದ್ದರೂ ಆಗಿರಲಿಲ್ಲ. ಒಂದು ಸಲ ಉಬ್ಬರ ಅಡ್ಡ ಬಂತು, ಒಂದು ಸಲ ಜೊತೆಗೆ ಬಂದವಳಿಗೆ ತಲೆಸುತ್ತು, ಒಂದು ಸಲ ವಾಂತಿ. ಅಷ್ಟರಲ್ಲಿ ಮಂಡಿ ಸವೆಯಿತು. ಸಂಕ್ರಾಂತಿ ಕಳೆದ ಮೇಲೆ ಆಪರೇಷನ್ ಎಂದರು ಡಾಕ್ಟರು. ಆಪರೇಷನ್ ಆದ ಮೇಲೆ ಶಿವಣ್ಣ ಹೊಸಿಲು ದಾಟಲು ಬಿಡುವುದಿಲ್ಲ ಎನ್ನುವುದು ಅವರಿಗೆ ಗೊತ್ತಿತ್ತು. ಅದಕ್ಕೆ ಮೊದಲೇ ಹೋಗಬೇಕೆಂದು ಎಪ್ಪತ್ತು ವರ್ಷದ ಹೆಂಗಸು ತಮ್ಮನ ಮುಂದೆ ಊಟ ಬಿಟ್ಟು ಕೂತರು. ಎರಡನೇ ಹೊತ್ತಿಗೆ ಶಿವಣ್ಣ ಸೋತ. ಹಗ್ಗದ ಅಂಗಡಿ ಇಟ್ಟುಕೊಂಡವನಿಗೆ ಅಕ್ಕನನ್ನು ಕಟ್ಟಿಹಾಕಲು ಆಗಲಿಲ್ಲ.

ಜೊತೆಗೆ ನನ್ನನ್ನು ಕಳಿಸಿದ. "ತಾಯಮ್ಮ, ನೀವು ಸುಳ್ಳು ಹೇಳೋರಲ್ಲ, ಅದಕ್ಕೇ ನಿಮ್ಮನ್ನ ಕಳಿಸ್ತಿರೋದು. ದಡದಲ್ಲಿ ಒಂದು ಹಳೇ ದೋಣಿ ಇದೆಯಂತೆ. ಅದನ್ನ ದಾಟಿ ಒಂದು ಹೆಜ್ಜೆ ಬಿಡಕೂಡದು."

ನಾನು ಸುಳ್ಳು ಹೇಳುವವಳಲ್ಲ ಎನ್ನುವುದು ನಿಜ. ಉದ್ದು ಸರಿಯಿಲ್ಲದ ವರ್ಷ ಕೊಳ್ಳಲು ಬಂದವರಿಗೆ, "ಈ ಸಲದ್ದು ಚೆನ್ನಾಗಿಲ್ಲ, ಹೋಗಿ," ಎಂದು ಕಳಿಸಿದವಳು.

ನನಗೆ ಸಮುದ್ರ ಅದೇ ಮೊದಲು. ಬೆಂಗಳೂರಿನಲ್ಲಿ ಮಾರ್ಗಶಿರದ ಚಳಿ. ಸ್ವೆಟರ್, ಮಂಕಿ ಕ್ಯಾಪ್, ಕಾಲುಚೀಲ ಎಲ್ಲ ಹಾಕಿಕೊಂಡೇ ಬೀಚಿಗೆ ಇಳಿದೆ. ಬಲೆ ಬಿಡಿಸುತ್ತಿದ್ದವನೊಬ್ಬ ಬರಿಮೈಯಲ್ಲಿ ಕೂತಿದ್ದ. ನನ್ನನ್ನು ನೋಡಿ ಮರುಕಪಟ್ಟು ಕೇಳಿದ: "ಅಮ್ಮನಿಗೆ ಜ್ವರ ಉಂಟಾ?"

"ಇಲ್ಲಪ್ಪ, ಬೆಂಗಳೂರು," ಎಂದರು ಗಿರಿಜಮ್ಮ.

ಅವನನ್ನು ಬಿಟ್ಟರೆ ಬೀಚಿನ ಉದ್ದಕ್ಕೂ ಇದ್ದದ್ದು ಎರಡು ನಾಯಿ. ಕಡಲೆಕಾಯಿ ಮಾರುವವನಿಲ್ಲ, ಫೋಟೋ ತೆಗೆಯುವವನಿಲ್ಲ. ದೂರದಲ್ಲಿ ತೆಳ್ಳಗೆ ಮಂಜು. ಗಿರಿಜಮ್ಮ ಶೂ ಬಿಚ್ಚಿ, ಎರಡರ ಲೇಸನ್ನೂ ಗಂಟು ಹಾಕಿ ಕೊರಳಿಗೆ ಹಾಕಿಕೊಂಡರು.

"ಸನ್ಮಾನ ಮಾಡಿಸ್ಕೊಂಡ ಹಾಗಿದೆ," ಎಂದೆ.

"ಭಾಷಣ ಇಲ್ಲ, ಅದೇ ಸುಖ. ಬಾ."

ನೀರು ಹಿಂದಕ್ಕೆ ಸರಿದಿದ್ದ ಜಾಗದಲ್ಲಿ ಮರಳು ಗಟ್ಟಿಯಾಗಿ ತಣ್ಣಗಿತ್ತು. ಅದರ ಮೇಲೆಲ್ಲ ಕಾಳಿನಷ್ಟು ಕಾಳಿನಷ್ಟು ಮರಳಿನ ಉಂಡೆಗಳು, ಯಾರೋ ಹಪ್ಪಳಕ್ಕೆ ಉಂಡೆ ಕಟ್ಟಿ ಸಾಲಾಗಿ ಇಟ್ಟು ಎದ್ದು ಹೋದ ಹಾಗೆ. ಸಣ್ಣ ಏಡಿಗಳ ಕೆಲಸವಂತೆ. ಒಂದೊಂದೂ ಒಂದೇ ಅಳತೆ. ನಲವತ್ತು ವರ್ಷದಿಂದ ಉಂಡೆ ಕಟ್ಟುತ್ತಿರುವ ನನಗೆ ಹೊಟ್ಟೆಕಿಚ್ಚಾಯಿತು. ಕೂತು ನೋಡುತ್ತಿದ್ದೆ. ಒಂದು ಅಲೆ ಬಂದು ಎಲ್ಲವನ್ನೂ ಒರೆಸಿತು. ಏಡಿ ಬೇಜಾರಿಲ್ಲದೆ ಮತ್ತೆ ಶುರು ಮಾಡಿತು. ಎಲ್ಲಿಗೂ ಹೋಗದೆ ನಡೆಯುವುದರ ಸುಖ ನನಗೆ ಅವತ್ತು ಸ್ವಲ್ಪ ಹತ್ತಿತು ಎಂದು ಒಪ್ಪಿಕೊಳ್ಳುತ್ತೇನೆ. ಟೀಚರಮ್ಮನ ಎದುರು ಒಪ್ಪಿಕೊಳ್ಳಲಿಲ್ಲ.

ಮಾತಾಡದೆ ನಡೆದೆವು. ನಾನು ಮಾತಾಡದೆ ಅಷ್ಟು ದೂರ ನಡೆದದ್ದು ಅದೊಂದೇ ಸಲ. ತಲೆ ಎತ್ತಿದಾಗ ಹಳೇ ದೋಣಿ ಹಿಂದೆ ಬಿದ್ದಿತ್ತು.

"ಟೀಚರಮ್ಮ, ದೋಣಿ ದಾಟಿದ್ವಿ. ನಿಮ್ಮ ತಮ್ಮಂಗೆ ಏನು ಹೇಳ್ಲಿ?"

"ದೋಣಿ ಹಿಂದಕ್ಕೆ ಹೋಯ್ತು ಅನ್ನು."

ಬಂಡೆ ಕಣ್ಣಿಗೆ ದೊಡ್ಡದಾಗುತ್ತ ಬಂತು. ಇನ್ನು ಒಂದು ಫರ್ಲಾಂಗು ಇದೆ ಎನ್ನುವಾಗ ಅವರು ನಿಂತರು. ಸೀರೆ ಸರಿಸಿ ತೋರಿಸಿದರೆ ಮಂಡಿ ಗುಂಡುಕಲ್ಲಿನಂತೆ ಊದಿಕೊಂಡಿದೆ. ಮೆಲ್ಲಗೆ ಮರಳಿನ ಮೇಲೆ ಕೂರಿಸಿದೆ. ನೋವಿಗೆ ಅಳದಿದ್ದ ಹೆಂಗಸು ಬಂಡೆಯ ಕಡೆ ನೋಡಿ ತುಟಿ ಕಚ್ಚಿದರು. ಆಮೇಲೆ ಟೀಚರ ಗತ್ತಿನಲ್ಲಿ ಹೇಳಿದರು:

"ನೀನು ಹೋಗಿ ಮುಟ್ಟಿ ಬಾ."

"ನಿಮ್ಮ ರೌಂಡಿಗೆ ನನ್ನ ಕೈಯಾ?"

"ಪರೀಕ್ಷೆ ಮಾತ್ರ ಬೇರೆಯೋರು ಬರೆಯೋ ಹಾಗಿಲ್ಲ. ವಾಕಿಂಗ್‌ಗೆ ಆ ರೂಲ್ಸ್ ಇಲ್ಲ. ಹೋಗು."

ಹೋದೆ. ಬಿಸಿಲು ಏರಿತ್ತು. ಸ್ವೆಟರಿನೊಳಗೆ ಬೆವರು, ಅಲ್ಲಿಂದ ಮುಂದೆ ಮರಳು ಮೆದು, ಕಾಲು ಹೂತುಕೊಳ್ಳುತ್ತಿತ್ತು. ಬಂಡೆಗೆ ಇನ್ನು ನೂರು ಹೆಜ್ಜೆ ಇರುವಾಗ ನಿಂತೆ. ಕಲ್ಲು ಎಲ್ಲಿದ್ದರೂ ಕಲ್ಲೇ, ಮುಟ್ಟಿದರೇನು ಬಿಟ್ಟರೇನು ಎನ್ನಿಸಿತು. ಯಾರಿಗೆ ತಿಳಿಯುತ್ತದೆ? ತಿರುಗಿ ಬಂದೆ.

"ಮುಟ್ಟಿದ್ಯಾ? ಹೇಗಿತ್ತು?"

"ಮುಟ್ಟಿದೆ. ನುಣ್ಣಗಿತ್ತು, ತಣ್ಣಗಿತ್ತು."

ಅವರು ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, ದೊಡ್ಡದಾಗಿ ನಕ್ಕು, ಎಬ್ಬಿಸು ಎಂದು ಕೈ ಚಾಚಿದರು. ವಾಪಸ್ ಬರಲು ಎರಡು ಗಂಟೆ ಹಿಡಿಯಿತು. ದಾರಿಯುದ್ದಕ್ಕೂ ನನ್ನ ಹೆಗಲ ಮೇಲೆ ಅವರ ಭಾರ, ಕುತ್ತಿಗೆಗೆ ಬಡಿಯುವ ಅವರ ಶೂ.

ಬೆಂಗಳೂರಿಗೆ ಬಂದ ಕೂಡಲೇ ಶಿವಣ್ಣ ಕೇಳಿದ: "ದೋಣಿ ದಾಟಿದ್ರಾ?"

"ದಾಟಿದ್ವಿ," ಎಂದೆ.

ಅಲ್ಲಿಗೆ ಸಮುದ್ರ ಮುಗಿಯಿತು. ಗಿರಿಜಮ್ಮ ಒಂದು ವಾರ ನನ್ನ ಹಪ್ಪಳ ತೆಗೆದುಕೊಳ್ಳಲಿಲ್ಲ. "ಆ ವಿಷಯಕ್ಕೆ ಮಾತ್ರ ನಿಜ ಹೇಳ್ಬೇಕಿತ್ತೇನೆ ನಿನಗೆ?"

ಆಪರೇಷನ್ ಆಯಿತು. ಕೋಲು ಹಿಡಿದು ಪಾರ್ಕಿಗೆ ಬಂದು ಒಂದೇ ಸುತ್ತು ಹಾಕಿ ಗೇಟು ಮುಟ್ಟಿ ಕೂರುತ್ತಿದ್ದರು. ನಾನು ಬುಟ್ಟಿ ಹೊತ್ತು ಬರುವುದು ಕಂಡರೆ ಸಾಕು, ಬೆಂಚಿನಲ್ಲಿದ್ದವರಿಗೆಲ್ಲ ಶುರು: "ಇವಳೇ ನೋಡಿ ನಮ್ಮ ತಾಯಮ್ಮ. ನನ್ನ ಪರವಾಗಿ ಹೋಗಿ ಬಂಡೆ ಮುಟ್ಟಿ ಬಂದೋಳು. ನುಣ್ಣಗಿತ್ತಂತೆ!" ಹತ್ತು ವರ್ಷ ಇದನ್ನೇ ಹೇಳಿದರು. ನನಗೆ ಬಿಸಿ ಎಣ್ಣೆ ಸಿಡಿದಂತಾಗುತ್ತಿತ್ತು. ಕೊನೆಗೆ ಪಾರ್ಕು ಬಿಟ್ಟು ಸುತ್ತುದಾರಿ ಹಿಡಿದೆ.

ಹೋದ ಚಳಿಗಾಲದಲ್ಲಿ ಅವರು ಹಾಸಿಗೆ ಹಿಡಿದರು. ನೋಡಲು ಹೋದೆ. ಮೈ ಇಳಿದುಹೋಗಿತ್ತು, ಹಣೆಯ ವಿಭೂತಿ ಮಾತ್ರ ಮೊದಲಿನಷ್ಟೇ ಅಗಲ. ಶಿವಣ್ಣನ ಸೊಸೆ ಕಾಫಿ ತರಲು ಒಳಗೆ ಹೋದಾಗ ಹೇಳಿಬಿಟ್ಟೆ.

"ಟೀಚರಮ್ಮ, ಆ ಬಂಡೇನ ನಾನು ಮುಟ್ಟಿಲ್ಲ."

"ಗೊತ್ತು."

"ಯಾರು ಹೇಳಿದ್ರು?"

"ಯಾರು ಹೇಳ್ಬೇಕು? ಇಡೀ ಬೀಚಲ್ಲಿ ಇದ್ದದ್ದು ನೀನೊಬ್ಳು, ಎರಡು ನಾಯಿ. ಕೂತ್ಕೊಂಡು ನಾನು ಇನ್ನೇನು ನೋಡ್ಲಿ? ನೀನು ಹೋದೆ. ನಿಂತೆ. ಸೊಂಟದ ಮೇಲೆ ಕೈ ಇಟ್ಟೆ. ಸ್ವೆಟರ್ ಬಿಚ್ಚಿದೆ, ಮತ್ತೆ ಹಾಕ್ಕೊಂಡೆ. ತಿರುಗಿದೆ."

"ಮತ್ತೆ ಹತ್ತು ವರ್ಷ ಊರಿಗೆಲ್ಲ ಮುಟ್ಟಿದ್ಲು ಮುಟ್ಟಿದ್ಲು ಅಂತ ಸಾರಿದ್ರಲ್ಲ!"

"ಎಷ್ಟು ದಿನ ತಡ್ಕೋತಾಳೋ ನೋಡೋಣ ಅಂತ. ಟೀಚರ್ ಕಣೇ ನಾನು. ನಿನ್ನಂಥವ್ರನ್ನ ಎಷ್ಟು ಜನ ನೋಡಿಲ್ಲ."

ನಗಲು ಹೋಗಿ ಕೆಮ್ಮಿದರು. ನೀರು ಕುಡಿಸಿದೆ.

"ಹಾಗಾದ್ರೆ ಆ ರೌಂಡು?" ಎಂದೆ.

"ಪೆಂಡಿಂಗು," ಎಂದು ಕಣ್ಣು ಮುಚ್ಚಿಕೊಂಡರು.

ಅವರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಕೊನೆ. ಒಂಬತ್ತು ದಿನಕ್ಕೆ ಹೋದರು. ಶಿವಗಣಾರಾಧನೆಯ ಊಟಕ್ಕೆ ಹಪ್ಪಳ ನಾನೇ ಕರಿದೆ. ಎಲೆ ತೆಗೆದ ಮೇಲೆ ಶಿವಣ್ಣ, "ಇವತ್ತು ಇಲ್ಲೇ ಇರಿ ತಾಯಮ್ಮ," ಎಂದ. ಕೆಲಸವಿದೆ ಎಂದು ಹೇಳಿ, ಮನೆಯಿಂದ ಸ್ವೆಟರ್ ತೆಗೆದುಕೊಂಡು ಕಲಾಸಿಪಾಳ್ಯಕ್ಕೆ ಹೋಗಿ ಬಸ್ಸು ಹತ್ತಿದೆ.

ಮಾರನೇ ದಿನ ಬೆಳಗ್ಗೆ ಬೀಚಿಗೆ ಇಳಿದೆ. ದೋಣಿ ದಾಟಿದೆ. ಟೀಚರಮ್ಮ ಕೂತಿದ್ದ ಜಾಗ ಯಾವುದೆಂದು ಗೊತ್ತಾಗಲಿಲ್ಲ, ನಿಲ್ಲದೆ ನಡೆದೆ. ಬಂಡೆ ನುಣ್ಣಗೆ ಏನೂ ಇರಲಿಲ್ಲ. ಮೈತುಂಬ ಚೂಪು ಚಿಪ್ಪು ಕಚ್ಚಿಕೊಂಡು ಗರಗಸದ ಹಾಗಿತ್ತು. ಎರಡು ಸಲ ಮುಟ್ಟಿದೆ, ಒಂದು ಅವರದು, ಒಂದು ನನ್ನದು. ಅಂಗೈ ಕೊರೆದು ರಕ್ತ ಬಂತು. ಬೈದುಕೊಂಡೆ. ತಿರುಗಿ ನೋಡಿದರೆ ಉದ್ದಕ್ಕೂ ಯಾರೂ ಇಲ್ಲ, ನಾಯಿ ಕೂಡ ಇಲ್ಲ. ಸ್ವೆಟರ್ ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡು ವಾಪಸ್ ನಡೆದೆ.